ಉಪ್ಪಿಲ್ಲದ ಚಿತ್ರಾನ್ನ ಕಟ್ಟಿಕೊಂಡು ಇಂಗ್ಲೆಂಡಿಗೆ

"ಸಾರಿಗೆ ಉಪ್ಪು ಹಾಕಿದೀನಿ. ನೀವು ಮತ್ತೆ ಹಾಕಬೇಡಿ."

ನನ್ನ ಹೆಂಡತಿ ನನ್ನ ಹತ್ತಿರ ಆಡಿದ ಕೊನೆಯ ಮಾತು ಇದು. ಆಂಬುಲೆನ್ಸ್ ಹತ್ತುವಾಗ ಹೇಳಿದಳು. ಒಂದು ಕಾಲು ಮೇಲಿಟ್ಟು, ತಿರುಗಿ, ಮಾಸ್ಕ್ ಕೆಳಗೆಳೆದು ಹೇಳಿದಳು. ಮೈತುಂಬ ಪ್ಲಾಸ್ಟಿಕ್ ತೊಟ್ಟಿದ್ದವರು "ಮಾಸ್ಕ್, ಮಾಸ್ಕ್" ಅಂದರು. ಮೇಲೆ ಮಾಡಿಕೊಂಡಳು. ಬಾಗಿಲು ಹಾಕಿದರು.

ಒಳಗೆ ಬಂದೆ. ಸಾರು ಕುದೀತಾ ಇತ್ತು. ರುಚಿ ನೋಡಿದೆ. ಉಪ್ಪೇ ಇಲ್ಲ.

ಜ್ವರದಲ್ಲಿ ಮರೆತಿದ್ದಳು. ಮದುವೆಯಾದಾಗಿನಿಂದ ಅವಳು ಉಪ್ಪು ಮರೆತದ್ದು ಅದೊಂದೇ ಸಲ. ನಾನು ಅವಳ ಮಾತನ್ನು ಎದುರಾಡದೆ ಕೇಳಿದ್ದೂ ಅದೊಂದೇ ಸಲ. ಹಾಕಲಿಲ್ಲ.

ನನ್ನನ್ನೂ ಮನೆಯಿಂದ ಹೊರಗೆ ಬರಬೇಡ ಅಂದಿದ್ದರು. ಆ ಸಾರನ್ನೇ ಕಾಯಿಸಿ ಕಾಯಿಸಿ ಉಂಡೆ. ಅವಳು ವಾಪಸ್ ಬಂದ ಮೇಲೆ ಹೇಳಿ ಛೇಡಿಸಬೇಕು ಅಂತ ಇಟ್ಟುಕೊಂಡಿದ್ದೆ. ಬರಲಿಲ್ಲ.

ನನ್ನ ಬಾಳಲ್ಲಿ ಇಂಥವೇ ಆಗುತ್ತವೆ. ಅಳೋಣ ಅಂತ ಕೂತರೆ ನಗು ಬರಿಸೋ ಅಂಥದ್ದು ಏನೋ ಒಂದು ಅಡ್ಡ ಬಂದು ನಿಲ್ಲುತ್ತೆ. ಕೆಲವನ್ನು ಬರೆದಿದ್ದೀನಿ. ಓದಿರೋದು ಮೂರನೇ ಕ್ಲಾಸು. ತಪ್ಪಿದ್ದರೆ ಬೈಯಿರಿ. ಬೈಸಿಕೊಳ್ಳೋದು ನನಗೆ ಈಗ ಇಷ್ಟ. ಯಾಕೆ ಅಂತ ಓದಿದರೆ ಗೊತ್ತಾಗುತ್ತೆ.

ಖಾರ ನಂದು, ಉಪ್ಪು ಅವಳದು

ಮಲೇಷ್ಯದ ನಿಲಾಯ್‌ನಲ್ಲಿ ಕಾಲೇಜಿನ ಹಿಂದಿನ ರಸ್ತೆಯಲ್ಲಿ ನಮ್ಮದೊಂದು ಮೆಸ್. ನಾನು, ಅವಳು, ಇಬ್ಬರೇ. ಊಟಕ್ಕೆ ಬರೋರು ನಮ್ಮ ಕಡೆಯಿಂದ ಓದೋಕೆ ಬಂದ ಹುಡುಗರು, ಹುಡುಗಿಯರು. ಮೂರು ಹೊತ್ತೂ ಇಲ್ಲಿಯ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಪರೋಟ ತಿಂದು ಬೇಜಾರಾಗಿ, ತಿಳಿಸಾರು ಅಂದರೆ ಕಣ್ಣಲ್ಲಿ ನೀರು ಹಾಕೋರು.

ಮೆಸ್ ತೆರೆದ ಮೊದಲ ದಿನ. ಹುಳಿ ಕುದೀತಾ ಇತ್ತು. ನಾನು ಉಪ್ಪು ಹಾಕಿ ಹಪ್ಪಳ ಕರಿಯೋಕೆ ಹೋದೆ. ಅವಳು ಬಂದಳು, ಅವಳೂ ಹಾಕಿದಳು. ಮಕ್ಕಳು ಸಂಕೋಚದವರು, ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಎದ್ದು ಬಂದು, "ಆಂಟಿ, ಇನ್ನೊಂದು ಲೋಟ ಮಜ್ಜಿಗೆ... ಬೇಡ, ಜಗ್ಗೇ ಕೊಟ್ಟುಬಿಡಿ" ಅಂದ.

ಅವತ್ತೇ ಅವಳು ಕಾನೂನು ಮಾಡಿದಳು.

"ಒಂದು ಪಾತ್ರೆಗೆ ಎರಡು ಕೈ ಬೇಡ. ಖಾರ ನಿಮ್ಮದು, ಉಪ್ಪು ನಂದು. ನನ್ನ ಡಬ್ಬಿ ನೀವು ಮುಟ್ಟಬೇಡಿ, ನಿಮ್ಮ ಡಬ್ಬಿ ನಾನು ಮುಟ್ಟಲ್ಲ."

ಅಂದಿನಿಂದ ಉಪ್ಪು ಹಾಕಿದಾಗೆಲ್ಲ ಕೂಗಿ ಹೇಳೋಳು. ರೈಲ್ವೆ ಸ್ಟೇಷನ್ನಿನಲ್ಲಿ ಹೇಳ್ತಾರಲ್ಲ, ಹಾಗೆ. ಹುಳಿಗೆ ಹಾಕಿದೀನಿ, ಮತ್ತೆ ಹಾಕಬೇಡಿ. ಪಲ್ಯಕ್ಕೆ ಹಾಕಿದೀನಿ, ಮತ್ತೆ ಹಾಕಬೇಡಿ. ಹೊರಗೆ ತಟ್ಟೆ ಮುಂದೆ ಕೂತ ಮಕ್ಕಳು ಅವಳ ಜೊತೆಗೇ ಕೂಗೋರು.

ಒಂದು ಸಲ ಅವಳಿಗೆ ಗಂಟಲು ಕಟ್ಟಿತ್ತು. ಮಾತೇ ಹೊರಡದು. ಹುಳಿಗೆ ಉಪ್ಪು ಹಾಕಿ ಬಂದು ನನ್ನ ಬೆನ್ನಿಗೆ ಒಂದು ಗುದ್ದಿದಳು. ಪಲ್ಯಕ್ಕೆ ಹಾಕಿ ಇನ್ನೊಂದು. ಅವತ್ತು ಯುಗಾದಿ, ಹಬ್ಬದಡುಗೆ. ಸಂಜೆಗೆ ನಾನು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಬೋರಲು ಮಲಗಿದ್ದೆ.

ದೇವರ ಮುಂದಿನ ಪೊಟ್ಟಣ

ಅವಳು ಹೋದ ಮೇಲೂ ಅಡುಗೆ ನಿಲ್ಲಿಸೋ ಹಾಗಿರಲಿಲ್ಲ. ಮಕ್ಕಳು ಹಾಸ್ಟೆಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕ್ಲಾಸಿಲ್ಲ, ವಿಮಾನವಿಲ್ಲ. ಮೆಸ್ಸಿನಲ್ಲಿ ಕೂರಿಸಿ ಬಡಿಸೋ ಹಾಗಿಲ್ಲ, ಬರೀ ತಪಾವ್. ಪಾರ್ಸೆಲ್ಲಿಗೆ ಇಲ್ಲಿ ಹಾಗನ್ನುತ್ತಾರೆ.

ಅನ್ನ ಮಾಡಿದೆ. ಹುಳಿ ಮಾಡಿದೆ. ಖಾರ ಹಾಕಿದೆ. ಅವಳ ಡಬ್ಬಿಯ ಮುಚ್ಚಳ ತೆಗೆದೆ. ಕೈ ಒಳಗೆ ಹೋಗಲಿಲ್ಲ. ಎಷ್ಟು ಹಾಕಬೇಕು ಅನ್ನೋದು ಮರೆತೇ ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳು ಹಾಕಿರಬಹುದು ಅನ್ನಿಸೋದು. ಹಾಕಿರೋಕೆ ಸಾಧ್ಯವಿಲ್ಲ ಅಂತ ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಅದಕ್ಕೊಂದು ದಾರಿ ಮಾಡಿದೆ. ಉಪ್ಪನ್ನು ಬೇರೆ ಕಟ್ಟಿದೆ. ಸಣ್ಣ ಸಣ್ಣ ಪ್ಲಾಸ್ಟಿಕ್ ಪೊಟ್ಟಣ, ಬಾಯಿಗೆ ಹಳದಿ ದಾರ. ಊಟದ ಜೊತೆ ಒಂದೊಂದು. ಬೇಕಾದಷ್ಟು ಹಾಕಿಕೊಳ್ಳಲಿ. ಮಕ್ಕಳು ಪಾಪ, "ಸೂಪರ್ ಅಂಕಲ್" ಅಂತ ಫೋನಿಗೆ ಹೆಬ್ಬೆರಳಿನ ಚಿತ್ರ ಕಳಿಸೋರು. ದಿನಾ ಸೂಪರ್. ಹುಳಿ ತಳ ಹತ್ತಿದ ದಿನವೂ ಸೂಪರ್.

ಪಕ್ಕದ ದಿನಸಿ ಅಂಗಡಿಯ ಚೀನೀ ಮುದುಕನೇ ನಮ್ಮ ಮಳಿಗೆಯ ಮಾಲೀಕ. ಎಲ್ಲರೂ ತೌಕೆ ಅನ್ನುತ್ತಾರೆ, ಯಜಮಾನ ಅಂದ ಹಾಗೆ. ಅವನಿಗೂ ಒಂದು ಪಾರ್ಸೆಲ್ ಕೊಡ್ತಾ ಇದ್ದೆ. ಒಂದು ದಿನ ಅಕ್ಕಿ ತರೋಕೆ ಹೋದೆ. ಅಂಗಡಿಯ ಮೂಲೆಯಲ್ಲಿ, ನೆಲದ ಹತ್ತಿರ, ಅವನ ದೇವರ ಕೆಂಪು ಗೂಡು. ಊದುಬತ್ತಿ, ಕಿತ್ತಳೆ ಹಣ್ಣು. ಅದರ ಮುಂದೆ ಸಾಲಾಗಿ ನನ್ನ ಉಪ್ಪಿನ ಪೊಟ್ಟಣಗಳು. ಒಂದನ್ನೂ ಬಿಚ್ಚಿಲ್ಲ.

"ತೌಕೆ, ಇದು ಯಾಕೆ ಇಲ್ಲಿ?" ಅಂದೆ.

"ನಿಮ್ಮ ಟೆಂಪಲ್‌ದು ಲಾ. ಹಳದಿ ದಾರ ಇದೆಯಲ್ಲ. ನನಗೆ ಗೊತ್ತು" ಅಂದ. ಇಲ್ಲಿಯವರ ಮಾತಿಗೆಲ್ಲ ಈ ಲಾ ಬಾಲ.

"ಮತ್ತೆ ಊಟ?"

ಹೆಬ್ಬೆರಳು ಎತ್ತಿದ. "ಸೂಪರ್ ಲಾ! ಆಸ್ಪತ್ರೆ ಊಟದ ಥರ. ಬಿಪಿ ಇಳಿದಿದೆ."

ಉಪ್ಪೆಲ್ಲ ದೇವರಿಗೆ ಕೊಟ್ಟು, ಸಪ್ಪೆ ಹುಳಿಯನ್ನು ಔಷಧಿ ಅಂತ ಉಂಡಿದ್ದ ಪುಣ್ಯಾತ್ಮ. ನಾನು ನಿಜ ಹೇಳಲಿಲ್ಲ. ಬಿಪಿ ಏರಿದರೆ ನನ್ನ ತಲೆಗೆ ಬರುತ್ತೆ.

ಕ್ಯಾಲೆಂಡರಿನ ಊರು

ತೌಕೆ ವರ್ಷಾ ವರ್ಷಾ ಕ್ಯಾಲೆಂಡರ್ ಕೊಡ್ತಾನೆ. ಕೊರೋನಾ ಬಂದ ವರ್ಷದ್ದರಲ್ಲಿ ಇಂಗ್ಲೆಂಡಿನ ಹಳ್ಳಿಯ ಚಿತ್ರ. ಕಲ್ಲಿನ ಮನೆಗಳು, ಗೋಡೆ ಮೇಲೆ ಗುಲಾಬಿ ಬಳ್ಳಿ, ಸಣ್ಣ ಹೊಳೆ, ಅದಕ್ಕೊಂದು ಕಲ್ಲಿನ ಸೇತುವೆ. ಅವಳು ಅದನ್ನು ಗ್ರೈಂಡರಿನ ಎದುರಿಗೆ ನೇತು ಹಾಕಿದ್ದಳು. ಹಿಟ್ಟು ರುಬ್ಬುವಾಗೆಲ್ಲ ಅದರ ಮೇಲೇ ಕಣ್ಣು.

"ಊರು ಇಷ್ಟು ಚೆನ್ನಾಗಿದೆ, ಒಬ್ಬರಾದರೂ ಹೊರಗೆ ಇದ್ದಾರಾ ನೋಡಿ. ಬಾಗಿಲೆಲ್ಲ ಹಾಕಿದೆ. ಎಲ್ಲಿ ಹೋದರು ರೀ ಇವರೆಲ್ಲ?"

"ನನ್ನನ್ನ ಕೇಳಿದರೆ? ನಾನೇನು ಆ ಊರಿನ ಪಟೇಲನಾ?"

ಆಮೇಲೆ ಲಾಕ್‌ಡೌನ್ ಬಂತು. ನಮ್ಮ ರಸ್ತೆಯಲ್ಲಿ ನಾಯಿ ಕೂಡ ಇಲ್ಲ. ಅವಳು ಕಿಟಕಿಯಲ್ಲಿ ನಿಂತು ಕರೆದಳು. "ಬನ್ನಿ ಇಲ್ಲಿ. ನಮ್ಮ ಬೀದಿನೂ ಇಂಗ್ಲೆಂಡ್ ಆಯ್ತು."

ಇದನ್ನು ಮೇಡಂ ಹತ್ತಿರ ಹೇಳಿದ್ದಕ್ಕೆ ನಾನು ಬೆಟ್ಟ ಹತ್ತಬೇಕಾಯಿತು. ಮೇಡಂ ಮೈಸೂರಿನವರು, ಕಾಲೇಜಿನಲ್ಲಿ ಪಾಠ ಮಾಡ್ತಾರೆ, ಊಟ ನಮ್ಮ ಮೆಸ್ಸಿನದೇ. ಹಿಂದೆ ಇಂಗ್ಲೆಂಡಿನಲ್ಲಿ ಸ್ವಲ್ಪ ಕಾಲ ಓದಿದ್ದರು. ಆಗ ಒಂದು ದಿನ ಟೂರಿಸ್ಟ್ ಬಸ್ಸಿನಲ್ಲಿ ಹಳ್ಳಿ ಹಳ್ಳಿ ಸುತ್ತಿದ್ದರಂತೆ. ಬೆಳಗ್ಗೆ ಹೊಳೆ ದಂಡೆಯ ಒಂದು ಹಳ್ಳಿ, ಮಧ್ಯಾಹ್ನ ಬಿದ್ದುಹೋದ ಒಂದು ಕೋಟೆ, ಸಂಜೆ ಹಳೇ ಚರ್ಚು, ಅದರ ಪಕ್ಕ ಟೀ. ಆ ಒಂದು ದಿನವನ್ನು ಅವರು ಇನ್ನೂ ಮುಗಿಸಿಲ್ಲ. ಯಾವ ಮಾತು ಎತ್ತಿದರೂ ಆ ಬಸ್ಸು ಬಂದು ನಿಲ್ಲುತ್ತೆ. ಅವರ ಯಜಮಾನರು ಕಂಪ್ಯೂಟರ್ ಕೆಲಸದವರು, ಮಾತು ಕಡಿಮೆ. ಬಸ್ಸು ಬಂತು ಅಂದರೆ ಎದ್ದು ಕೈ ತೊಳೆಯೋಕೆ ಹೋಗ್ತಾರೆ. ಕೊರೋನಾ ಕಾಲದಲ್ಲಿ ಅದಕ್ಕೆ ಯಾರೂ ಕಾರಣ ಕೇಳ್ತಾ ಇರಲಿಲ್ಲ.

ಎರಡು ಸೂಜಿ ಆಗಿದ್ದವರು ರಾಜ್ಯದಿಂದ ರಾಜ್ಯಕ್ಕೆ ಹೋಗಬಹುದು ಅಂತ ಸರ್ಕಾರ ಬಿಟ್ಟ ಕೆಲವೇ ದಿನಕ್ಕೆ ಮೇಡಂ ಬಂದರು.

"ಭಟ್ರೇ, ಫ್ರೇಸರ್ ಬೆಟ್ಟಕ್ಕೆ ಹೋಗೋಣ. ಬ್ರಿಟಿಷರು ಸೆಕೆ ತಾಳಲಾರದೆ ಮೇಲೆ ಹತ್ತಿ, ತಮ್ಮ ಊರಿನ ಹಾಗೇ ಕಟ್ಟಿಕೊಂಡ ಊರು. ಥೇಟ್ ಇಂಗ್ಲೆಂಡಿನ ಹಳ್ಳಿ. ಭಾನುವಾರ ಬೆಳಗ್ಗೆ ಹೋಗಿ ಸಂಜೆ ವಾಪಸ್. ನಿಮ್ಮ ಮನೆಯವರ ಕ್ಯಾಲೆಂಡರ್ ಊರನ್ನ ನೀವಾದರೂ ನೋಡಿ."

"ನಾನು ಬರಲ್ಲ ಮೇಡಂ."

"ಚಿತ್ರಾನ್ನ, ಮೊಸರನ್ನ ನೀವೇ ಕಟ್ಟಬೇಕಲ್ಲ. ಅದರ ಜೊತೆ ನೀವೂ ವ್ಯಾನ್ ಹತ್ತಿ."

ನನ್ನ ಮನಸ್ಸಿನಲ್ಲಿ ಬೇರೆ ಇತ್ತು. ಆ ಸೋಮವಾರ ಕಾಲೇಜು ತೆರೆಯೋದಿತ್ತು. ಮಕ್ಕಳು ಮೊದಲಿನ ಹಾಗೆ ಬಂದು ತಟ್ಟೆ ಮುಂದೆ ಕೂರ್ತಾರೆ. ಕೈಗೆ ಉಪ್ಪಿನ ಪೊಟ್ಟಣ ಕೊಟ್ಟು ಮೆಸ್ ನಡೆಸೋಕಾಗುತ್ತಾ? ಉಪ್ಪು ಹಾಕೋಕೆ ಕೈ ಬಾರದವನು ಅಡುಗೆಯವನಾ? ಸೋಮವಾರ ಬೆಳಗ್ಗೆ ಮಳಿಗೆಯ ಬೀಗದ ಕೈ ತೌಕೆಗೆ ಕೊಟ್ಟುಬಿಡೋದು ಅಂತ ತೀರ್ಮಾನ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ. ಬೀಗದ ಕೈಯನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡ್ತಾ ಇದ್ದೆ.

ಬ್ರಿಟಿಷರೂ ಒಂದು ದಿನ ಬೀಗದ ಕೈ ಕೊಟ್ಟು ಹೋದರಲ್ಲ. ಅವರು ಕಟ್ಟಿದ ಊರು ನೋಡಿಕೊಂಡೇ ನಾನೂ ಕೊಡೋಣ ಅಂತ ಒಪ್ಪಿದೆ.

ಉಸಿರಿದೆಯಾ?

ವ್ಯಾನಿನಲ್ಲಿ ಐದು ಜನ. ಮೇಡಂ, ಅವರ ಯಜಮಾನರು, ನಾನು, ವ್ಯಾನ್ ಓಡಿಸೋ ತಮಿಳು ಅಣ್ಣ. ಮತ್ತೆ ಧಾರವಾಡದ ಒಬ್ಬ ಹುಡುಗಿ. ನಮ್ಮ ಮೆಸ್ಸಿನಲ್ಲೇ ಉಂಡು ಓದ್ತಾ ಇರೋಳು. ನನ್ನ ಹೆಂಡತಿ ಇವಳನ್ನು ಕೂರಿಸಿಕೊಂಡು ಬೈತಾ ಬೈತಾ ತಲೆಗೆ ಎಣ್ಣೆ ಹಚ್ಚೋಳು.

ಹಿಂದೆ ನಾವು ಎಲ್ಲಿಗೇ ಹೊರಟರೂ ಅವಳು ಹೊಸ್ತಿಲ ಮೇಲೆ ನಿಂತು ಹಾಜರಿ ಕೂಗೋಳು. ಕನ್ನಡಕ? ಬೀಗ? ನೀರು? ನಾನು ಇದೆ, ಇದೆ ಅನ್ನಬೇಕು. ಅವತ್ತು ನಾನೇ ಕೂಗಿಕೊಂಡೆ, ನಾನೇ ಇದೆ ಅಂದುಕೊಂಡೆ. ಹೊರಟೆ. ಪೊಟ್ಟಣದ ಬದಲು ತುಂಬಿಟ್ಟಿದ್ದ ಉಪ್ಪಿನ ಬಾಟಲಿ ಅಡುಗೆ ಕಟ್ಟೆ ಮೇಲೇ ಉಳಿಯಿತು. ಅವಳ ಹಾಜರಿಯಲ್ಲಿ ಉಪ್ಪು ಇರಲಿಲ್ಲ. ಉಪ್ಪು ಯಾವಾಗಲೂ ಅನ್ನದ ಒಳಗೇ ಇರ್ತಾ ಇತ್ತಲ್ಲ.

ಬೆಟ್ಟದ ಬುಡದ ಊರಿನಲ್ಲಿ ಟೀಗೆ ನಿಲ್ಲಿಸಿದೆವು. ಅಂಗಡಿ ಬಾಗಿಲಲ್ಲಿ ಒಬ್ಬ ಮಲಯ ಹುಡುಗ ಹಣೆಗೆ ಜ್ವರದ ಪಿಸ್ತೂಲು ಹಿಡೀತಾ ಇದ್ದ. ಎಲ್ಲರದೂ ಸರಿ ಬಂತು. ನನ್ನ ಹಣೆಗೆ ಹಿಡಿದ, ನೋಡಿದ, ಪಿಸ್ತೂಲನ್ನು ಅಂಗೈಗೆ ಬಡಿದು ಮತ್ತೆ ಹಿಡಿದ. ಇನ್ನೂ ಇಳಿಯಿತು. ಅವನು ನನ್ನ ಮುಖ ನೋಡಿ ಏನೋ ಕೇಳಿದ. ವ್ಯಾನಿನ ಅಣ್ಣ ನಕ್ಕ.

"ಏನಂತೆ?" ಅಂದೆ.

"ಸಾಮಿ, ಈ ಮನುಷ್ಯನಿಗೆ ಉಸಿರಿದೆಯಾ ಅಂತ ಕೇಳ್ತಾನೆ."

ದಾರಿಯುದ್ದಕ್ಕೂ ವ್ಯಾನಿನ ಏಸಿ ನನ್ನ ಹಣೆಗೇ ಹೊಡೀತಾ ಇತ್ತು. ಅದಕ್ಕೆ ಹಾಗೆ. ಹುಡುಗಿ ಅಂದಳು, "ಅಂಕಲ್ಲಾರ, ಸ್ವಲ್ಪ ಬಿಸಿಲಾಗ ನಿಂದರ್ರಿ." ಹಪ್ಪಳದ ಹಾಗೆ ಬಿಸಿಲಲ್ಲಿ ನಿಂತೆ. ಆಮೇಲೆ ಹಿಡಿದಾಗ ಮನುಷ್ಯರ ಲೆಕ್ಕಕ್ಕೆ ಬಂದೆ, ಒಳಗೆ ಬಿಟ್ಟರು.

"ಮೆಷೀನೇ ಸುಳ್ಳು ಭಟ್ರೇ, ಬೇಜಾರು ಮಾಡ್ಕೋಬೇಡಿ" ಅಂತ ಮೇಡಂ ಸಮಾಧಾನ ಹೇಳಿದರು.

ನನಗೇನೂ ಬೇಜಾರಿರಲಿಲ್ಲ. ಆ ಅನುಮಾನ ನನಗೂ ಕೆಲವು ತಿಂಗಳಿಂದ ಇತ್ತು.

ಮೂರು ಸುತ್ತು

ತಿರುವು, ಮತ್ತೆ ತಿರುವು. ಮೇಲೆ ಹೋದ ಹಾಗೆ ಮಂಜು. ಕೊನೆಗೆ ಊರು ಬಂತು. ನಡುವೆ ಒಂದು ಗಡಿಯಾರದ ಗೋಪುರ, ಮೈತುಂಬ ಹಸಿರು ಬಳ್ಳಿ, ಸುತ್ತ ರಸ್ತೆ. ಕಲ್ಲಿನ ಕಟ್ಟಡಗಳು, ಕೆಂಪು ಅಂಚೆ ಡಬ್ಬ.

"ಥೇಟ್ ಅಲ್ಲಿಯ ಹಾಗೇ!" ಅಂದರು ಮೇಡಂ. ಯಜಮಾನರು ಕೈ ತೊಳೆಯೋಕೆ ನೀರು ಹುಡುಕಿದರು. ವ್ಯಾನಿನಲ್ಲಿ ನೀರೆಲ್ಲಿ?

ನಿಲ್ಲಿಸೋಕೆ ಜಾಗವಿಲ್ಲ. ಮನೆಯಲ್ಲಿ ಕೂಡಿಹಾಕಿದ್ದ ಮಲೇಷ್ಯವೆಲ್ಲ ಅವತ್ತೇ ಬೆಟ್ಟ ಹತ್ತಿತ್ತು. ಅಣ್ಣ ಗೋಪುರವನ್ನು ಒಂದು ಸುತ್ತು ಬಂದ. ಎರಡು ಸುತ್ತು. ಮೂರನೇ ಸುತ್ತು ಮುಗಿದಾಗ ನನಗೆ ಅರಿವಿಲ್ಲದೆ ಕೈ ಜೋಡಿಸಿಕೊಂಡಿದ್ದೆ. ಪಕ್ಕಕ್ಕೆ ನೋಡಿದೆ. ಹುಡುಗಿಯೂ ಕಣ್ಣು ಮುಚ್ಚಿ ಗಲ್ಲ ತಟ್ಟಿಕೊಳ್ತಾ ಇದ್ದಳು. ಅಣ್ಣ ಸ್ಟೇರಿಂಗ್ ಬಿಟ್ಟು ಹಣೆ ಮುಟ್ಟಿಕೊಂಡ. ಆಗಲೇ ಒಂದು ಕಾರು ಹೊರಟು ಜಾಗ ಸಿಕ್ಕಿತು. ಬ್ರಿಟಿಷರ ಗಡಿಯಾರ ಬೇಡಿದ್ದು ಕೊಡುತ್ತೆ.

ಇಳಿದೆವು. ಎಲ್ಲೆಲ್ಲೂ ಜನ. ಗುಲಾಬಿ ಗಿಡದ ಮುಂದೆ, ಮೆಟ್ಟಿಲ ಮೇಲೆ, ಅಂಚೆ ಡಬ್ಬವನ್ನು ತಬ್ಬಿಕೊಂಡು ಫೋಟೋ. ಎಲ್ಲಿ ಹೋದರು ಇವರೆಲ್ಲ ಅಂತ ಅವಳು ಕೇಳಿದ್ದಳಲ್ಲ, ಎಲ್ಲರೂ ಇಲ್ಲಿದ್ದರು. ಹೇಳೋಣ ಅಂತ ಪಕ್ಕಕ್ಕೆ ತಿರುಗಿದೆ.

ಮೇಡಂ ಯಜಮಾನರು ನಿಂತಿದ್ದರು. "ಏನು ಭಟ್ರೇ?"

"ಏನಿಲ್ಲ ಸಾರ್."

ಒಲೆ

ಒಂದು ಹಳೇ ಬಂಗಲೆಯ ಹಜಾರ ನೋಡೋಕೆ ಬಿಟ್ಟರು. ಮರದ ನೆಲ, ದಪ್ಪ ಕುರ್ಚಿ, ಗೋಡೆಯಲ್ಲಿ ದೊಡ್ಡ ಒಲೆ. ಮನುಷ್ಯ ಒಳಗೆ ಕೂರಬಹುದು, ಅಷ್ಟು ದೊಡ್ಡದು. ನಾನು ಬಗ್ಗಿ ನೋಡಿದೆ. ಪಾತ್ರೆ ಇಡೋಕೆ ಗುಂಡೇ ಇಲ್ಲ.

"ಇದರಲ್ಲಿ ಅಡುಗೆ ಹೇಗೆ ಮಾಡ್ತಾ ಇದ್ದರು?"

"ಅಡುಗೆಗಲ್ಲ ಭಟ್ರೇ, ಚಳಿ ಕಾಯಿಸಿಕೊಳ್ಳೋಕೆ. ಅಲ್ಲಿ ಪ್ರತಿ ಮನೆಯಲ್ಲೂ ಇತ್ತು. ನಮ್ಮ ಬಸ್ಸು ಒಂದು ಹಳ್ಳಿಯಲ್ಲಿ ನಿಂತಾಗ..."

ಯಜಮಾನರು ಹೊರಟರು.

"ಇಷ್ಟು ದೊಡ್ಡ ಬೆಂಕಿ ಹಾಕಿ ಒಂದು ಲೋಟ ಹಾಲೂ ಕಾಯಿಸ್ತಾ ಇರಲಿಲ್ವಾ?"

"ಇಲ್ಲ."

"ಒಂದು ಬದನೆಕಾಯಿ ಸುಡ್ತಾ ಇರಲಿಲ್ವಾ?"

"ಇಲ್ಲ ಭಟ್ರೇ."

"ಹಾಗಾದರೆ ಬಿಟ್ಟು ಹೋಗಿದ್ದು ಸರಿಯಾಗಿದೆ" ಅಂದೆ.

ಒಂದು ಸೀನು

ಟೀ ಅಂಗಡಿಯೂ ಇಂಗ್ಲಿಷಿನದೇ. ಲೇಸಿನ ಪರದೆ, ಹೂವಿನ ಬಟ್ಟಲು. ದೂರ ದೂರ ಕೂರಿಸೋ ಕಾಲ, ಅದಕ್ಕೆ ಹೊರಗೆ ಉದ್ದ ಸಾಲು. ನಾವು ಸಾಲಿನ ಬಾಲದಲ್ಲಿ ಮಂಜಿನೊಳಗೆ ನಿಂತಿದ್ದೆವು. ಮೇಡಂ ಬಸ್ಸು ಹೊರಡಿಸಿದ್ದರು. ಕೈ ತೊಳೆಯೋಕೆ ಹೋದರೆ ಸಾಲು ತಪ್ಪುತ್ತೆ, ಯಜಮಾನರು ಪಾಪ ನಿಂತೇ ಇದ್ದರು. ಮುಖ ಕೆಂಪಾಯಿತು. ಕಣ್ಣು ಸಣ್ಣದಾಯಿತು.

ಸೀನಿದರು.

ಅಷ್ಟು ವರ್ಷದಲ್ಲಿ ಆ ಮನುಷ್ಯ ಅಷ್ಟು ಜೋರಾಗಿ ಏನನ್ನೂ ಹೇಳಿದ್ದು ನಾನು ಕೇಳಿರಲಿಲ್ಲ. ಸಾಲಿನವರು ಒಟ್ಟಿಗೆ ತಿರುಗಿದರು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಹೊರಟಳು. ಅವಳ ಹಿಂದೆ ಇನ್ನಿಬ್ಬರು. ಒಬ್ಬ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಹಾಕಿಕೊಂಡು ನಡೆದ. ಮಂಜು ಸರಿದು ನೋಡಿದರೆ ನಾವು ಬಾಗಿಲ ಮುಂದೆ ನಿಂತಿದ್ದೆವು.

"ಇನ್ನೊಮ್ಮೆ ಸೀನ್ರಿ ಸರ್ರ, ಕಿಟಕಿ ಕಡೆ ಟೇಬಲ್ ಸಿಗತೈತಿ" ಅಂದಳು ಹುಡುಗಿ.

ಟೀ ಜೊತೆ ಸ್ಕೋನ್ ಅಂತ ಒಂದು ದುಂಡನೆಯ ಬನ್ನು ಕೊಟ್ಟರು. ಮುರಿದು ಬಾಯಿಗಿಟ್ಟೆ. ಸಪ್ಪೆ. ಇಲ್ಲೂ ಯಾರದೋ ಹೆಂಡತಿ ಹೋಗಿರಬೇಕು ಅಂದುಕೊಂಡೆ.

ಗುಲಾಬಿ ಹೂವಿನ ತಟ್ಟೆ

ಊಟಕ್ಕೆ ಹುಲ್ಲು ಬಯಲಿನ ಪಕ್ಕ ಒಂದು ಮಂಟಪದಲ್ಲಿ ಕೂತೆವು. ಹೊರಗಿನ ತಿಂಡಿ ಟೀ ಅಂಗಡಿಗೆ ತರಬಾರದಂತೆ. ಚಿತ್ರಾನ್ನದ ಪಾತ್ರೆ ತೆಗೆದೆ. ಮೊಸರನ್ನ ತೆಗೆದೆ. ಚೀಲದಲ್ಲಿ ಕೈ ಹಾಕಿ ಉಪ್ಪಿನ ಬಾಟಲಿ ಹುಡುಕಿದೆ. ಚೀಲ ಮಗುಚಿದೆ, ಅಂಗಿ ಜೇಬೂ ತಡಕಿದೆ. ಕನ್ನಡಕದ ಡಬ್ಬಿ, ನೀರು, ಬೀಗದ ಕೈ.

"ಪರವಾಗಿಲ್ಲ ಭಟ್ರೇ, ಹಾಗೇ ತಿಂತೀವಿ" ಅಂದರು ಮೇಡಂ.

"ನಮಗೆ ಸಪ್ಪೆನೇ ಅಭ್ಯಾಸ" ಅಂದರು ಯಜಮಾನರು. ಮೇಡಂ ಅವರ ಕಾಲು ತುಳಿದರು.

ಹುಡುಗಿ ಟೀ ಅಂಗಡಿಗೆ ಓಡಿದಳು. ಬರುವಾಗ ಕೈಯಲ್ಲಿ ಬೆರಳುಗಾತ್ರದ ಎರಡು ಕಾಗದದ ಪೊಟ್ಟಣ. ಒಂದು ಉಪ್ಪು, ಒಂದು ಮೆಣಸಿನ ಪುಡಿ. ಪಾತ್ರೆ ತುಂಬ ಚಿತ್ರಾನ್ನ. ಅಣ್ಣ ಆ ಪೊಟ್ಟಣ ನೋಡಿದ, ಪಾತ್ರೆ ನೋಡಿದ. "ಸಾಮಿ, ಇದು ಕೋಳಿ ಮೊಟ್ಟೆಗೆ ಸಾಲಲ್ಲ" ಅಂದ.

ನಾನೇ ಎದ್ದೆ. ಅಡುಗೆಯವನು ಅಡುಗೆಯವರ ಹತ್ತಿರ ಕೇಳಬೇಕಾದರೆ ಹಿತ್ತಲ ಬಾಗಿಲಿಗೆ ಹೋಗಬೇಕು. ಹೋದೆ. ಟೀ ಅಂಗಡಿಯ ಅಡುಗೆಮನೆಯಲ್ಲಿ ಒಬ್ಬಳು ಚೀನೀ ಮುದುಕಿ, ಮೈತುಂಬ ಹಿಟ್ಟು. ಉಪ್ಪು ಬೇಕು ಅಂದೆ, ನನಗೆ ಬರೋ ಅಷ್ಟು ಮಲಯದಲ್ಲಿ.

"ಎಷ್ಟು?"

ನನ್ನ ಅಂಗೈ ನೋಡಿಕೊಂಡೆ.

"ಎಷ್ಟು ಲಾ? ನೀನು ಯಾರು?"

"ಅಡುಗೆಯವನು."

"ಅಡುಗೆಯವನು. ಉಪ್ಪು ಎಷ್ಟು ಗೊತ್ತಿಲ್ಲ."

"ಇಲ್ಲ."

"ಮತ್ತೆ ಯಾರು ಹಾಕ್ತಾರೆ?"

"ಹೆಂಡತಿ."

"ಹೋಗಿ ಅವಳನ್ನ ಕರಿ."

ನಾನು ಬೆರಳನ್ನು ಆಕಾಶದ ಕಡೆ ತೋರಿಸಿದೆ. ಮುದುಕಿ ನನ್ನನ್ನೇ ನೋಡಿದಳು. ಅಯ್ಯೋ ಪಾಪ ಅನ್ನಲಿಲ್ಲ, ತಲೆ ಅಲ್ಲಾಡಿಸಲಿಲ್ಲ. "ಹಾಗಾದರೆ ನೀನೇ ಹಾಕು ಲಾ" ಅಂದಳು. "ಇನ್ಯಾರು ಹಾಕ್ತಾರೆ?"

ಹಿಡಿ ತುಂಬ ಉಪ್ಪು ತಂದು ನನ್ನ ಕೈಗೆ ಚಾಚಿದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಉಪ್ಪನ್ನು ಕೈಯಿಂದ ಕೈಗೆ ತಗೋಬಾರದು, ಜಗಳ ಆಗುತ್ತೆ. ನನ್ನ ಹೆಂಡತಿ ಒಂದು ದಿನವೂ ಕೊಟ್ಟವಳಲ್ಲ. ಕೆಳಗಿಡಿ ಅಂತ ಸನ್ನೆ ಮಾಡಿದೆ. ಮುದುಕಿಗೆ ಅರ್ಥವಾಗಲಿಲ್ಲ, ಮತ್ತೆ ಚಾಚಿದಳು. ನಾನು ಮತ್ತೆ ಹಿಂದಕ್ಕೆ. ಅವಳು ಎರಡು ಹೆಜ್ಜೆ ಮುಂದೆ, ನಾನು ಎರಡು ಹೆಜ್ಜೆ ಹಿಂದೆ. ಬಾಗಿಲು ದಾಟಿ ಅಂಗಳಕ್ಕೆ ಬಂದೆವು. ಕೊನೆಗೆ ಅವಳಿಗೆ ಸಿಟ್ಟು ಬಂದು ಚೀನೀ ಭಾಷೆಯಲ್ಲಿ ಏನೋ ಬೈದಳು. ಜಗಳ ಆಗಬಾರದು ಅಂತ ಮಾಡಿದ್ದಕ್ಕೇ ಜಗಳ ಆಯಿತು.

ಆಮೇಲೆ ಒಂದು ಸಣ್ಣ ಪಿಂಗಾಣಿ ತಟ್ಟೆ ತಂದು, ಅದರಲ್ಲಿ ಉಪ್ಪು ಸುರಿದು, ಮೆಟ್ಟಿಲ ಮೇಲೆ ಕುಕ್ಕಿ ಒಳಗೆ ಹೋದಳು. ತಟ್ಟೆಯ ಅಂಚಿಗೆ ಗುಲಾಬಿ ಹೂವು, ಕ್ಯಾಲೆಂಡರಿನಲ್ಲಿ ಇದ್ದ ಹಾಗೇ.

ಎರಡೂ ಕೈಯಲ್ಲಿ ಹಿಡಿದುಕೊಂಡು ಮಂಟಪಕ್ಕೆ ಬಂದೆ. ಎಲ್ಲರೂ ನೋಡ್ತಾ ಇದ್ದರು. ಪಾತ್ರೆ ಮುಂದೆ ಕೂತೆ. ಅವಳು ಹಾಕಿರಬಹುದು ಅಂತ ಕೈ ತಡೆಯಿತು. ನಿಲಾಯ್‌ನಿಂದ ಇಷ್ಟು ದೂರ ಬಂದು ಹಾಕಿರಲಾರಳು ಅಂತ ಕೈಗೆ ಹೇಳಿದೆ. ಹಾಕಿದೆ. ಸಾಲದು ಅನ್ನಿಸಿತು. ಇನ್ನಷ್ಟು ಹಾಕಿದೆ. ತಟ್ಟೆ ಖಾಲಿಯಾಯಿತು. ಕಲಸಿದೆ, ಬಡಿಸಿದೆ.

ಮೇಡಂ ಒಂದು ತುತ್ತು ತಿಂದರು. ಕಣ್ಣು ಅಗಲವಾಯಿತು. "ಸೂಪರ್ ಭಟ್ರೇ" ಅಂದರು, ಸಣ್ಣ ದನಿಯಲ್ಲಿ. ಯಜಮಾನರು ಹೆಬ್ಬೆರಳು ಎತ್ತಿ, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಎತ್ತಿದರು, ಇಳಿಸಲೇ ಇಲ್ಲ. ಅಣ್ಣ ವ್ಯಾನಿಗೆ ಏನಾಗಿದೆ ನೋಡಿ ಬರ್ತೀನಿ ಅಂತ ಎದ್ದ.

ಹುಡುಗಿ ತಟ್ಟೆ ಕೆಳಗಿಟ್ಟಳು.

"ಅಂಕಲ್ಲಾರ, ಇದನ್ನ ತಿನ್ನಾಕ ಆಗೂದಿಲ್ರಿ!"

"ಶ್!" ಅಂದರು ಮೇಡಂ.

"ಏನ್ ಶ್ ರೀ ಮೇಡಂ? ಇಷ್ಟ ದಿನಾ ಸಪ್ಪಗ ಹಾಕಿದ್ರು, ಪಾಪ ಅಂತ ಸುಮ್ನಿದ್ವಿ. ಇವತ್ತ ಅದರ ಬಾಕಿ ಎಲ್ಲಾ ಒಮ್ಮೆಲೇ ತೀರಿಸ್ಯಾರ ನೋಡ್ರಿ. ಉಪ್ಪ ತಿಂದ್ರ ಋಣ ಅಂತಾರ, ಇದನ್ನ ತಿಂದ್ರ ಏಳ ಜನ್ಮ ನಿಮ್ಮ ಮೆಸ್ಸಿನ್ಯಾಗ ಪಾತ್ರಿ ತಿಕ್ಕಬೇಕಾಕ್ಕೇತ್ರಿ ಅಂಕಲ್. ಆಂಟಿ ಇದ್ದಿದ್ರ ಸೌಟ ಹಿಡಕೊಂಡ ಬರ್ತಿದ್ರು!"

ಅಷ್ಟು ಅಂದು ಹುಡುಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಅವಳು ಹೋದ ಮೇಲೆ ನನಗೆ ಯಾರೂ ಬೈದಿರಲಿಲ್ಲ. ತಳ ಹತ್ತಿದರೂ ಸೂಪರ್, ಸಪ್ಪೆಯಾದರೂ ಸೂಪರ್. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರಲ್ಲ, ಎಲ್ಲರೂ ನನ್ನ ಬಗ್ಗೆಯೂ ಹಾಗೇ ಇದ್ದರು. ಈ ಹುಡುಗಿ ಬೈದಳು. ಸೌಟು ಹಿಡಿದುಕೊಂಡು ಬರೋ ಅವಳು ಕಣ್ಣಿಗೆ ಕಟ್ಟಿದಳು. ನಗು ಬಂತು. ತಡೆದೆ. ತಡೆಯೋಕಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬಂತು. ಅಣ್ಣ ವ್ಯಾನಿನ ಹಿಂದಿನಿಂದ ಇಣುಕಿ, "ಯಾರಾದರೂ ನಿಜ ಹೇಳಿದಿರಾ? ಹಾಗಾದರೆ ವಾಪಸ್ ಬರ್ತೀನಿ" ಅಂದ.

ಹುಡುಗಿ ಸಪ್ಪೆ ಮೊಸರನ್ನವನ್ನು ತಂದು ಚಿತ್ರಾನ್ನಕ್ಕೆ ಸುರಿದು ಕಲಸಿದಳು. ಎಲ್ಲರಿಗೂ ಹಾಕಿದಳು. ಸರಿಯಾಗಿತ್ತು. ಪಾತ್ರೆ ಖಾಲಿಯಾಯಿತು.

"ಇದಕ್ಕೆ ಏನು ಹೆಸರು ಭಟ್ರೇ?" ಅಂತ ಯಜಮಾನರು ಕೇಳಿದರು. ಅವತ್ತು ಅವರಾಗಿ ಶುರು ಮಾಡಿದ ಒಂದೇ ಮಾತು.

"ಇಂಗ್ಲೆಂಡ್ ಬಾತ್" ಅಂದಳು ಹುಡುಗಿ.

ತಟ್ಟೆ ತೊಳೆದು ಹಿತ್ತಲ ಬಾಗಿಲಿಗೆ ಒಯ್ದೆ. ಮುದುಕಿ ಕೈ ಚಾಚಿದಳು. ಆಮೇಲೆ ಏನೋ ನೆನಪಾಗಿ ಕೈ ಹಿಂದೆ ತಗೊಂಡು, ಮೆಟ್ಟಿಲು ತೋರಿಸಿದಳು. ಅಲ್ಲಿ ಇಟ್ಟು ಬಂದೆ.

ಸೋಮವಾರ ಬೆಳಗ್ಗೆ ಎದ್ದೆ. ಸ್ನಾನ ಮಾಡಿದೆ. ತೌಕೆ ಅಂಗಡಿ ಇನ್ನೂ ತೆರೆದಿರಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ನಮ್ಮ ಬಾಗಿಲು ತೆಗೆದೆ. ಸಾರಿಗಿಟ್ಟೆ. ಕುದಿ ಬಂತು. ಖಾರ ಹಾಕಿದೆ. ಅವಳ ಡಬ್ಬಿ ಇಳಿಸಿದೆ. ಸ್ವಲ್ಪ ಉಪ್ಪು ಹಾಕಿದೆ. ರುಚಿ ನೋಡಿದೆ. ಇನ್ನೊಂದು ಚಿಟಿಕೆ ಹಾಕಿದೆ.

ಆಮೇಲೆ ಗ್ರೈಂಡರಿನ ಕಡೆ ತಿರುಗಿ, ಕೇಳಿಸೋ ಹಾಗೆ ಕೂಗಿ ಹೇಳಿದೆ.

"ಸಾರಿಗೆ ಉಪ್ಪು ಹಾಕಿದೀನಿ ಕಣೇ. ನೀನು ಮತ್ತೆ ಹಾಕಬೇಡ."

ಹಾಕಲಿಲ್ಲ.